ಇಳಿಯುವ ಹಗ್ಗ, ಏರುವ ಹಗ್ಗ

ಕೋಲಾರ ಜಿಲ್ಲೆಯ ಕೆಜಿಎಫ್ ಊರಿನ ಚಿನ್ನದ ಗಣಿಗಳಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸಾವಿರಾರು ಜನರ ಜೀವ ಹಗ್ಗವನ್ನೇ ನಂಬಿಕೊಂಡಿತ್ತು. ಪಾಳಿಗೆ ಹೊರಟವರು ಶಾಫ್ಟಿನ ಬಾಯಲ್ಲಿ ಕೇಜಿನೊಳಗೆ ಒತ್ತಾಗಿ ನಿಲ್ಲುತ್ತಿದ್ದರು. ಉಕ್ಕಿನ ಹಗ್ಗ ಅವರನ್ನು ಕತ್ತಲೆಗೆ ಇಳಿಸಿ, ಪಾಳಿ ಮುಗಿದ ಮೇಲೆ ಬೆಳಕಿಗೆ ಎಳೆದು ತರುತ್ತಿತ್ತು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್ ದಾಟಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. 2001ರಲ್ಲಿ ಗಣಿಗಳು ಮುಚ್ಚಿದವು. ಆದರೆ ಬಂಡೆಯ ಒತ್ತಡ, ಬಿರುಕುಗಳನ್ನು ಅಭ್ಯಸಿಸಲು 1988ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಉಳಿಯಿತು. ಉಕ್ಕಿನ ಹಗ್ಗಗಳನ್ನು ಕತ್ತರಿಸದೆಯೇ ಪರೀಕ್ಷಿಸುವುದೂ ಅದರ ಕೆಲಸಗಳಲ್ಲೊಂದು.

ಈ ಊರಿನಿಂದ ಬೆಂಗಳೂರಿಗೆ ದಿನವೂ ದುಡಿಯಲು ಹೋಗಿಬರುವವರು ಬಹಳ. ಮಾರಿಕುಪ್ಪಂನಲ್ಲಿ ಹೊರಟ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗಕ್ಕೆ ಸೇರುತ್ತದೆ. ಅಲ್ಲಿಂದ ರಾಜಧಾನಿಗೆ ಸುಮಾರು 70 ಕಿಲೋಮೀಟರ್. ಹಗ್ಗ ಕಟ್ಟಿಕೊಂಡು ಆಟಕ್ಕಾಗಿ ಹತ್ತುವ ಗೋಡೆಯನ್ನು ಹುಡುಕುವ ಪ್ರವಾಸಿಗೂ ಇದೇ ದಾರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಆವರಣದಲ್ಲಿ ಕೃತಕ ಕ್ಲೈಂಬಿಂಗ್ ಗೋಡೆಯಿದೆ. ಈಚಿನ ವರ್ಷಗಳಲ್ಲಿ ನಗರದಲ್ಲಿ ಒಳಾಂಗಣ ಕ್ಲೈಂಬಿಂಗ್ ಜಿಮ್‌ಗಳೂ ತೆರೆದಿವೆ.

ಇಂಥ ಗೋಡೆಗಳ ಇತಿಹಾಸ ಬಹಳ ಹಳೆಯದೇನಲ್ಲ. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಡಾನ್ ರಾಬಿನ್ಸನ್ ಎಂಬ ಅಧ್ಯಾಪಕರು ಒಂದು ಓಣಿಯ ಇಟ್ಟಿಗೆ ಗೋಡೆಗೆ ಕಲ್ಲಿನ ತುಂಡುಗಳನ್ನು ಕೂರಿಸಿದರು. ಮಳೆಗಾಲದಲ್ಲೂ ಚಳಿಗಾಲದಲ್ಲೂ ವಿದ್ಯಾರ್ಥಿಗಳು ಅಭ್ಯಾಸ ಬಿಡಬಾರದೆಂಬುದು ಉದ್ದೇಶ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೈಂಬಿಂಗ್ ಮೊದಲ ಬಾರಿಗೆ ಪದಕದ ಆಟವಾಯಿತು. 2024ರ ಪ್ಯಾರಿಸ್‌ನಲ್ಲಿ ಪೋಲೆಂಡಿನ ಅಲೆಕ್ಸಾಂಡ್ರಾ ಮಿರೊಸ್ಲಾವ್ 15 ಮೀಟರ್ ಗೋಡೆಯನ್ನು 6.06 ಸೆಕೆಂಡಿನಲ್ಲಿ ಹತ್ತಿದರು.

ಮೊದಲ ಸಲ ಬಂದವರ ಕಣ್ಣು ಬಣ್ಣಬಣ್ಣದ ಹಿಡಿಗಳ ಮೇಲಿರುತ್ತದೆ. ನೋಡಬೇಕಾದದ್ದು ಹಗ್ಗವನ್ನು. ಗಣಿಯ ಹಗ್ಗಕ್ಕೂ ಇದಕ್ಕೂ ಇರುವ ವ್ಯತ್ಯಾಸದಲ್ಲೇ ಈ ಆಟದ ಭೌತಶಾಸ್ತ್ರದ ದೊಡ್ಡ ಪಾಲು ಅಡಗಿದೆ. ಕೇಜು ನಿಗದಿತ ಮಟ್ಟದಲ್ಲಿ ಕರಾರುವಾಕ್ಕಾಗಿ ನಿಲ್ಲಬೇಕು. ಹಾಗಾಗಿ ಅದರ ಹಗ್ಗ ಆದಷ್ಟು ಕಡಿಮೆ ಹಿಗ್ಗಬೇಕು. ಹತ್ತುವವರ ನೈಲಾನ್ ಹಗ್ಗ ಹಿಗ್ಗಲೇಬೇಕು. 60 ಕಿಲೋ ತೂಕದ ಒಬ್ಬರು 3 ಮೀಟರ್ ಬಿದ್ದರೆನ್ನಿ. ಹಗ್ಗ ಅವರನ್ನು ಬರೀ 5 ಸೆಂಟಿಮೀಟರಿನೊಳಗೆ ತಡೆದರೆ ಮೈಮೇಲೆ ಬೀಳುವ ಸರಾಸರಿ ಬಲ ಸುಮಾರು 3,660 ಕಿಲೋ ಭಾರಕ್ಕೆ ಸಮ. ಸೊಂಟ, ಬೆನ್ನುಮೂಳೆ ಉಳಿಯುವ ಮಾತೇ ಇಲ್ಲ. ಅದೇ ಹಗ್ಗ 1 ಮೀಟರ್ ಹಿಗ್ಗಿ ತಡೆದರೆ ಆ ಬಲ ಸುಮಾರು 240 ಕಿಲೋಗೆ ಇಳಿಯುತ್ತದೆ. ಬಿದ್ದ ಶಕ್ತಿ ಎರಡರಲ್ಲೂ ಅಷ್ಟೇ. ಅದನ್ನು ಎಷ್ಟು ದೂರಕ್ಕೆ ಹರಡಿದೆವು ಎಂಬುದೇ ಪ್ರಾಣ ಉಳಿಸುವುದು. ಉಕ್ಕಿನ ಹಗ್ಗ ಗಟ್ಟಿ ಎಂದು ಅದನ್ನು ಕಟ್ಟಿಕೊಂಡು ಬಂಡೆ ಹತ್ತುವವರು ಯಾರೂ ಇಲ್ಲದಿರುವುದಕ್ಕೆ ಕಾರಣ ಇದು.

ಕೆಳಗೆ ನಿಂತು ಹಗ್ಗ ಹಿಡಿಯುವ ಸಂಗಾತಿಯ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ತೆಳ್ಳಗಿನ ಹುಡುಗಿಯೊಬ್ಬಳು ದಪ್ಪ ಆಳೊಬ್ಬನನ್ನು ಮೇಲೆ ನಿಲ್ಲಿಸಿಕೊಂಡಿರುವುದನ್ನು ಕಂಡು ಹೊಸಬರು ಬೆರಗಾಗುತ್ತಾರೆ. ಎಳೆದಾಡುವ ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಒಂದೇ ಕೈಯಲ್ಲಿ ಹಿಡಿದ ರೈತನಿಗೆ ಇದರ ಗುಟ್ಟು ಗೊತ್ತು. ಸುತ್ತು ಹೆಚ್ಚಿದಂತೆ ಘರ್ಷಣೆಯ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.25 ಇದ್ದರೆ ಒಂದು ಸುತ್ತಿಗೆ ಸುಮಾರು 5 ಪಟ್ಟು, ಎರಡಕ್ಕೆ 23 ಪಟ್ಟು, ಮೂರಕ್ಕೆ 110 ಪಟ್ಟು ಬಲ ತಡೆಯಬಹುದು. 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಇದರ ಲೆಕ್ಕ ಹಾಕಿದ. ಮೇಲಿನ ಕೊಂಡಿ ಮತ್ತು ಸೊಂಟದ ಬಿಲೇ ಸಾಧನದಲ್ಲಿ ಹಗ್ಗ ಬಾಗುವ ಕಡೆಯಲ್ಲೆಲ್ಲ ಇದೇ ಲೆಕ್ಕ ನಡೆಯುತ್ತದೆ. ಹಗ್ಗದ ತುದಿ ಹಿಡಿದ ಕೈ ಬಿಟ್ಟರೆ ಮಾತ್ರ ಲೆಕ್ಕ ಕೆಡುತ್ತದೆ. ಹೊಸಬರಿಗೆ ತರಬೇತುದಾರರು ಇದೊಂದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಇನ್ನು ಕೈ. ಬೆರಳುಗಳೊಳಗೆ ಅವನ್ನು ಮಡಿಸುವ ದೊಡ್ಡ ಸ್ನಾಯುಗಳಿಲ್ಲ. ಅವು ಮುಂಗೈಯಲ್ಲಿವೆ, ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಬೆರಳನ್ನು ಎಳೆಯುತ್ತವೆ. ಬಿಗಿಯಾಗಿ ಹಿಡಿದಷ್ಟೂ ಉಬ್ಬಿದ ಸ್ನಾಯು ತನ್ನ ರಕ್ತನಾಳಗಳನ್ನೇ ಅದುಮುತ್ತದೆ. ರಕ್ತ ಕಡಿಮೆಯಾಗಿ ಮುಂಗೈ ಕಲ್ಲಿನಂತಾಗುತ್ತದೆ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅನುಭವಿಗಳು ಹಾಗಾಗಿ ತೋಳು ನೀಡಿ, ಭಾರವನ್ನು ಕಾಲಿಗೆ ಕೊಟ್ಟು, ಸಂದು ಸಿಕ್ಕಲ್ಲಿ ಕೈ ಜೋಲುಬಿಟ್ಟು ಒದರುತ್ತಾರೆ. ವಾರಗಟ್ಟಲೆ ಅಭ್ಯಾಸದಲ್ಲಿ ಸ್ನಾಯು ಬೇಗ ಬಲಿಯುತ್ತದೆ. ರಜ್ಜುಗಳಿಗೆ ಹೆಚ್ಚು ಕಾಲ ಬೇಕು. ಪ್ರವಾಸದಲ್ಲಿ ಒಂದೇ ದಿನ ಸಿಕ್ಕಿತೆಂದು ಉತ್ಸಾಹದಲ್ಲಿ ಸಣ್ಣ ಹಿಡಿಗಳಿಗೆ ಜೋತುಬೀಳುವವರು ಬೆರಳಿನ ನೋವನ್ನೂ ಮನೆಗೆ ಒಯ್ಯುತ್ತಾರೆ.

ಬೆವರಿನ ಕೈಗೆ ಬಿಳಿ ಪುಡಿ ಬಳಿಯುವುದು ಎಲ್ಲ ಜಿಮ್‌ಗಳಲ್ಲೂ ಕಾಣುವ ದೃಶ್ಯ. ಅದು ಮೆಗ್ನೀಷಿಯಂ ಕಾರ್ಬೊನೇಟ್. ಜಿಮ್ನಾಸ್ಟಿಕ್ಸ್ ಕಲಿತಿದ್ದ ಅಮೆರಿಕದ ಗಣಿತಜ್ಞ ಜಾನ್ ಗಿಲ್ 1950ರ ದಶಕದಲ್ಲಿ ಅದನ್ನು ಬಂಡೆಗೆ ತಂದರು. ಅದು ಹಿಡಿತ ಹೆಚ್ಚಿಸುತ್ತದೆಯೆ? 2001ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ, ಪುಡಿಯ ಪದರ ಘರ್ಷಣೆಯನ್ನು ತಗ್ಗಿಸುತ್ತದೆ ಎಂದಿತು. 2012ರ ಇನ್ನೊಂದು ಅಧ್ಯಯನ ಮರಳುಗಲ್ಲು, ಸುಣ್ಣಕಲ್ಲುಗಳ ಮೇಲೆ ಪರೀಕ್ಷಿಸಿ ಹೆಚ್ಚಿಸುತ್ತದೆ ಎಂದಿತು. ತೆಳುವಾಗಿ ಹಚ್ಚಿ, ಉಳಿದದ್ದನ್ನು ಕೊಡವಿ ಹತ್ತುವುದು ಎರಡೂ ಫಲಿತಾಂಶಗಳಿಗೆ ಒಪ್ಪುವ ನಡೆ.

ಗೋಡೆಯಲ್ಲಿ ಕಲಿತವರಿಗೆ ಕೋಲಾರದಲ್ಲಿ ಇನ್ನೊಂದು ಶಾಲೆ ಕಾದಿದೆ. ಆ ಪಟ್ಟಣದ ಪಕ್ಕದ ಅಂತರಗಂಗೆ ಬೆಟ್ಟದ ದೊಡ್ಡ ಗುಂಡುಗಳಿಗೆ ಚಾರಣಿಗರೂ ಹತ್ತುವವರೂ ಬರುತ್ತಲೇ ಇರುತ್ತಾರೆ. ರಾಳದಲ್ಲಿ ಅಚ್ಚು ಹಾಕಿದ ಹಿಡಿ ಬೆರಳಿಗೆ ತಾನೇ ದಾರಿ ತೋರಿಸುತ್ತದೆ. ಬೆಟ್ಟದ ಕಲ್ಲಿನಲ್ಲಿ ಹಿಡಿಯೇ ಇಲ್ಲದ ಇಳಿಜಾರುಗಳುಂಟು. ಅಲ್ಲಿ ಶೂವಿನ ರಬ್ಬರ್ ಕಲ್ಲಿನ ಹರಳುಗಳ ಸಣ್ಣ ಸಂದುಗಳಿಗೆ ಒತ್ತಿ ಅವುಗಳ ಆಕಾರ ತಾಳುತ್ತದೆ. ಅಂಗಾಲು ಅಗಲವಾಗಿ ಊರಿದಷ್ಟೂ ಹಿಡಿತ ಹೆಚ್ಚು. ಹಿಮ್ಮಡಿ ಎತ್ತಿದರೆ ಜಾರು. ಡಿಸೆಂಬರಿನ ತಂಪು ಬೆಳಗಿನಲ್ಲಿ ಬೆವರು ಕಡಿಮೆ, ಹತ್ತಲು ಅದೇ ಹದವಾದ ಹೊತ್ತು.

ಗೋಡೆ ಕಲಿಸದ ವಿದ್ಯೆಯೂ ಒಂದಿದೆ. ಜಿಮ್‌ನ ಹಿಡಿ ಸಡಿಲವಾದರೆ ಸಿಬ್ಬಂದಿ ಬೋಲ್ಟ್ ಬಿಗಿಮಾಡುತ್ತಾರೆ. ಬೆಟ್ಟದಲ್ಲಿ ಕಲ್ಲಿನ ಚಕ್ಕೆಯನ್ನು ನಂಬುವ ಮುನ್ನ ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು: ಕಂಚಿನಂತೆ ಗಟ್ಟಿಯಾಗಿ ನುಡಿದರೆ ಅದು ಬಂಡೆಗೆ ಅಂಟಿದೆ, ಬುಡಬುಡ ಎಂದರೆ ಹಿಂದೆ ಬಿರುಕಿದೆ. ಗಣಿ ಕಾರ್ಮಿಕರೂ ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಹಾರೆಯಿಂದ ಹೀಗೆಯೇ ತಟ್ಟಿ ನೋಡುತ್ತಾರೆ. ಕೆಜಿಎಫ್‌ನಲ್ಲಿ ಒಂದು ಹತ್ತುವ ಗೋಡೆ ಬಂದರೆ, ಕೇಜಿನಲ್ಲಿ ಇಳಿದು ದುಡಿದ ಹಿರಿಯರೇ ಅಲ್ಲಿನ ಮಕ್ಕಳಿಗೆ ಈ ಕಿವಿಯ ಪಾಠ ಹೇಳಿಕೊಡಬಹುದು. ಅವರು ಇರುವಾಗಲೇ ಅದು ಆಗಬೇಕು.