ಸುಂಟರಗಾಳಿಯೆಂಬ ಶಬ್ದವೂ ಯಾದಗಿರಿ ಸೀಮೆಯ ಬಿರುಗಾಳಿಯೂ

ಯಾದಗಿರಿ, ಶಹಾಪುರ, ಸುರಪುರಗಳ ಮಳೆಯಾಶ್ರಯದ ಹೊಲಗಳು ವೈಶಾಖದಲ್ಲಿ ಬರಿದಾಗಿರುವಾಗ, ಮಧ್ಯಾಹ್ನ ಧೂಳಿನ ಕಂಬವೊಂದು ಎದ್ದು ಸುತ್ತುತ್ತ ಸಾಗುವುದನ್ನು ಕಾಣದವರಿಲ್ಲ. ಅದನ್ನು ಸುಂಟರಗಾಳಿಯೆನ್ನುತ್ತೇವೆ. ಅಮೆರಿಕದ ಬಯಲುಗಳಲ್ಲಿ ಊರುಗಳನ್ನೇ ಕೆಡಹುವ ಟಾರ್ನೇಡೋವಿಗೂ ನಮ್ಮ ಪತ್ರಿಕೆಗಳು ಕೊಡುವುದು ಇದೇ ಹೆಸರು. ಇದರಿಂದಾಗುವ ಭ್ರಾಂತಿಯು ಕೋಶಕಾರರಿಗೆ ಮಾತ್ರ ಸೇರಿದ ತೊಡಕಲ್ಲ.

ಮೊದಲನೆಯದು ನೆಲದಿಂದ ಹುಟ್ಟುವುದು. ಕಾದ ನೆಲದ ಮೇಲಣ ಗಾಳಿಯು ಹಗುರಾಗಿ ಏರುತ್ತ ಸುತ್ತುವುದು. ಆಗ ಆಕಾಶವು ನಿರ್ಮಲವಾಗಿಯೇ ಇರಬಹುದು. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಅಡಗುವುದು. ಇದನ್ನು ಧೂಳುಸುಳಿಯೆಂದರೆ ಸಾಕು. ಎರಡನೆಯದು ಗುಡುಗುಮೋಡದ ತಳದಿಂದ ನೆಲಮುಟ್ಟುವ ಸುಳಿ. ನಮ್ಮ ದೇಶದಲ್ಲಿ ಅಪರೂಪ, ಕಂಡದ್ದು ಹೆಚ್ಚಾಗಿ ಪೂರ್ವದ ವಂಗ, ಒಡಿಶಾಗಳಲ್ಲಿ. ಈ ಸೀಮೆಯಲ್ಲಿ ಮನೆಯ ತಗಡು ಹಾರಿಸುವುದು ಬಹುಮಟ್ಟಿಗೆ ಇವೆರಡೂ ಅಲ್ಲ. ಮಳೆಯೊಡನೆ ಮೋಡದಿಂದ ಕೆಳಕ್ಕೆ ಧುಮುಕಿ ನಾಲ್ದೆಸೆಗೂ ನುಗ್ಗುವ ತಣ್ಣನೆಯ ಗಾಳಿ. ಸುತ್ತದ ಗಾಳಿಗೆ ಸುಂಟರವೇಕೆ? ಬಿರುಗಾಳಿಯೆಂಬ ಹೆಸರೇ ಯುಕ್ತ.

ಆದಕಾರಣ ಅಶ್ವಿನಿಯಿಂದ ರೋಹಿಣಿಯವರೆಗೆ, ಎಂದರೆ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಕಣ್ಣು ಮೋಡದ ಮೇಲಿರಬೇಕು. ಮಿಂಚಿದ ಬಳಿಕ ಗುಡುಗು ಕೇಳುವವರೆಗೆ ಎಣಿಸಿದರೆ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರಿನಂತೆ ದೂರ ತಿಳಿಯುವುದು. ಎಣಿಕೆ 30 ಮುಟ್ಟುವ ಮೊದಲೇ ಗುಡುಗಿದರೆ ಸಿಡಿಲು ಎಟುಕುವ ಅಂತರದಲ್ಲಿದ್ದೇವೆ. ಕುರಿಗಾಹಿಯು ಆಗ ಒಂಟಿ ಬೇವಿನ ಮರದಡಿ ನಿಲ್ಲುವುದೇ ಪ್ರಾಣಕ್ಕೆ ಎರವು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಮೊಬೈಲಿನಲ್ಲಿಯೇ ಸಿಡಿಲಿನ ಎಚ್ಚರಿಕೆ ಕೊಡುವುದು. ಮಿಂಚಿನ ಸಂಸ್ಕೃತ ಹೆಸರನ್ನೇ ಅದಕ್ಕಿಟ್ಟಿರುವುದು ಸೊಗಸು. ಮೊಬೈಲಿಲ್ಲದ ಅಡವಿಯಲ್ಲಿ ಎಣಿಕೆಯೇ ಗತಿ.