ದಾಖಲೆಗಳ ಮಾತು, ಯಂತ್ರದ ಬುದ್ಧಿ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ನಮ್ಮ ಹಿರಿಯರ ಗಾದೆ. ರೋಗವೂ ಮಾತೂ ಬೇರೆ ಬೇರೆ ವಿಷಯಗಳೆಂದು ಇದನ್ನು ಕೇಳಿದವರಿಗೆ ತೋರುವುದು ಸಹಜವಾಗಿದೆ. ಆದರೆ ಈ ಕಾಲದ ಆಸ್ಪತ್ರೆಗಳಲ್ಲಿ ಅವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ರೋಗಿಯ ವೃತ್ತಾಂತವು ಈಗ ಗಣಕಯಂತ್ರದಲ್ಲಿ ಬರೆಯಲ್ಪಡುತ್ತಿದೆ. ಒಂದು ಆಸ್ಪತ್ರೆಯ ಯಂತ್ರವು ಬರೆದುದನ್ನು ಮತ್ತೊಂದು ಆಸ್ಪತ್ರೆಯ ಯಂತ್ರವು ಓದಬೇಕಾಗಿದೆ. ಓದಿದುದನ್ನು ವಿಚಾರಮಾಡಿ ವೈದ್ಯರಿಗೆ ಸೂಚನೆ ಕೊಡುವ ಕೆಲಸವನ್ನು ಕೃತಕ ಬುದ್ಧಿಮತ್ತೆ ಎಂಬ ಹೊಸ ವಿದ್ಯೆಗೆ ಒಪ್ಪಿಸುವ ಪ್ರಯತ್ನಗಳು ನಡೆದಿವೆ. ಈ ಯಂತ್ರಗಳು ಒಂದೇ ಮಾತನ್ನಾಡದೆ ಹೋದರೆ ಅದರಿಂದಾಗುವ ಹಾನಿಯನ್ನು ಅನುಭವಿಸತಕ್ಕವನು ಹಾಸಿಗೆಯಲ್ಲಿ ಮಲಗಿರುವ ರೋಗಿ. ಆದುದರಿಂದ, ಮನೆಯಲ್ಲಿ ವೃದ್ಧರೂ ಮಕ್ಕಳೂ ಇರುವ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಈ ವಿಷಯವನ್ನು ಸ್ವಲ್ಪಮಟ್ಟಿಗಾದರೂ ತಿಳಿದಿರುವುದು ಒಳ್ಳೆಯದು.

ಕಾಗದದ ಕಾಲ

ರೋಗಿಯ ಸ್ಥಿತಿಯನ್ನು ಬರೆದಿಡುವ ಪದ್ಧತಿಯು ಬಹು ಹಳೆಯದು. ಬರೆದುದು ಇತರರಿಗೂ ಪ್ರಯೋಜನಕ್ಕೆ ಬರುವಂತಿರಬೇಕೆಂಬ ವಿಚಾರವು ಮಾತ್ರ ಈಚಿನದು. ಇಂಗ್ಲೆಂಡಿನ ಫ್ಲಾರೆನ್ಸ್‌ ನೈಟಿಂಗೇಲ್‌ ಎಂಬ ಮಹಾಮಹಿಳೆಯು 1863ರಲ್ಲಿ ಆಸ್ಪತ್ರೆಗಳನ್ನು ಕುರಿತ ತನ್ನ ಗ್ರಂಥವನ್ನು ವಿಸ್ತರಿಸಿ ಪ್ರಕಟಿಸಿದಾಗ, ಒಂದು ಆಸ್ಪತ್ರೆಯ ಲೆಕ್ಕವನ್ನು ಮತ್ತೊಂದರ ಲೆಕ್ಕದೊಡನೆ ಹೋಲಿಸಿ ನೋಡಲು ತಕ್ಕ ದಾಖಲೆಗಳು ದುರ್ಲಭವಾಗಿವೆಯೆಂದು ವ್ಯಸನಪಟ್ಟಳು; ಎಲ್ಲರೂ ಒಂದೇ ನಮೂನೆಯಲ್ಲಿ ಲೆಕ್ಕವಿಡಬೇಕೆಂದು ವಾದಿಸಿದಳು. ಅಮೆರಿಕಾದ ಮೇಯೋ ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬ ವೈದ್ಯನೂ ತನ್ನ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ವಾಡಿಕೆಯನ್ನು ಬಿಡಿಸಿ, ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಅವನ ಕಾಗದಗಳೆಲ್ಲವನ್ನೂ ಒಂದೇ ಕಡತದಲ್ಲಿರಿಸುವ ಕ್ರಮವನ್ನು 1907ರಲ್ಲಿ ಹೆನ್ರಿ ಪ್ಲಮ್ಮರ್‌ ಎಂಬ ವೈದ್ಯನು ಜಾರಿಗೆ ತಂದನು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣುವ ರೋಗಿಯ ಸಂಖ್ಯೆಯು ಅದೇ ಜಾತಿಯದು.

ಕಾಗದವನ್ನು ಬಿಟ್ಟು ಗಣಕಯಂತ್ರಕ್ಕೆ ಹೋದವರಲ್ಲಿ ಇಂಡಿಯಾನಾಪೊಲಿಸ್‌ ನಗರದ ರೀಗನ್‌ಸ್ಟ್ರೀಫ್‌ ಸಂಸ್ಥೆಯ ಕ್ಲೆಮೆಂಟ್‌ ಮೆಕ್‌ಡೊನಾಲ್ಡ್‌ ಎಂಬ ವೈದ್ಯನು ಅಗ್ರಗಣ್ಯನು. ಅವನು 1972ರಿಂದ ನಡೆಯಿಸಿದ ದಾಖಲೆಯು ಬರೆದುದನ್ನು ಉಳಿಸುವುದಲ್ಲದೆ, “ಈ ರೋಗಿಗೆ ಈ ಪರೀಕ್ಷೆಯಾಗಬೇಕು, ಈ ಔಷಧದ ವಿಷಯದಲ್ಲಿ ಎಚ್ಚರವಿರಲಿ” ಎಂದು ವೈದ್ಯರಿಗೆ ಜ್ಞಾಪಕವನ್ನೂ ಕೊಡುತ್ತಿತ್ತು. 1976ರಲ್ಲಿ ಅವನು ಪ್ರಕಟಿಸಿದ ಪರಿಶೀಲನೆಯಂತೆ, ಜ್ಞಾಪಕ ಬಂದಾಗ ವೈದ್ಯರು ನೂರಕ್ಕೆ 51 ಸಂದರ್ಭಗಳಲ್ಲಿ ತಕ್ಕ ಕ್ರಮವನ್ನು ಕೈಗೊಂಡರು. ಬಾರದಿದ್ದಾಗ ನೂರಕ್ಕೆ 22ರಲ್ಲಿ ಮಾತ್ರ. ವೈದ್ಯರು ಅಜ್ಞಾನದಿಂದ ತಪ್ಪುವುದಕ್ಕಿಂತ, ಹೊರಲಾರದಷ್ಟು ಸಂಗತಿಗಳ ಭಾರದಿಂದ ತಪ್ಪುವುದೇ ಹೆಚ್ಚೆಂದು ಅವನ ಅಭಿಪ್ರಾಯ. ದಾಖಲೆಗೆ ಯಂತ್ರದ ಬುದ್ಧಿಯನ್ನು ಜೋಡಿಸಬೇಕೆಂಬ ಇಂದಿನ ಹವ್ಯಾಸಕ್ಕೆ ಬೀಜವು ಇಲ್ಲಿಯೇ ಇದೆ.

ಒಂದೇ ಅಂಕಿ, ಬೇರೆ ಬೇರೆ ಅರ್ಥ

ಹಾಗಾದರೆ ಐವತ್ತು ವರ್ಷಗಳ ಹಿಂದೆಯೇ ಸಿದ್ಧಿಸಿದ ಈ ಕೆಲಸವು ಎಲ್ಲೆಲ್ಲಿಯೂ ಏಕೆ ಹರಡಲಿಲ್ಲವೆಂದು ವಾಚಕರು ಕೇಳಬಹುದು. ಒಂದು ಆಸ್ಪತ್ರೆಯ ಯಂತ್ರದ ಮಾತು ಇನ್ನೊಂದಕ್ಕೆ ತಿಳಿಯದೆ ಇದ್ದುದೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಹಿಂದೆ ನಮ್ಮಲ್ಲಿ ಒಂದೊಂದು ಸೀಮೆಗೆ ಒಂದೊಂದು ಸೇರಿತ್ತು. ಒಂದೇ ಪೇಟೆಯಲ್ಲಿ ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. “ಎರಡು ಸೇರು” ಎಂದರೆ ಎಷ್ಟೆಂದು ತಿಳಿಯಲು ಊರನ್ನೂ ಅಂಗಡಿಯನ್ನೂ ವಿಚಾರಿಸಬೇಕಾಗಿತ್ತು. 1956ರ ಶಾಸನದಿಂದ ಕಿಲೋಗ್ರಾಂ ಬಂದ ಮೇಲೆ ಈ ತೊಡಕು ತೀರಿತು. ಆಸ್ಪತ್ರೆಯ ದಾಖಲೆಗಳಲ್ಲಿ ಅಂತಹ ಸೇರುಗಳು ಇನ್ನೂ ಅನೇಕ ಉಳಿದಿವೆ.

ಎಲ್ಲರಿಗೂ ಪರಿಚಿತವಾದ ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ರಕ್ತದ ಸಕ್ಕರೆಯನ್ನು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಇಂಗ್ಲೆಂಡಿನಲ್ಲಿ ಒಂದು ಲೀಟರಿಗೆ ಇಷ್ಟು ಮಿಲಿಮೋಲ್‌ ಎಂದು ಹೇಳುತ್ತಾರೆ. ಇಲ್ಲಿಯ 126 ಅಲ್ಲಿಯ 7. ಆ ದೇಶದಲ್ಲಿರುವ ಮಗನ ಮನೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದ ತಾಯಿಯ ಚೀಟಿಯಲ್ಲಿ ಬರಿಯ “7” ಎಂದಿದ್ದರೆ, ಅನುಭವಿಯಾದ ವೈದ್ಯನು ಚೀಟಿಯ ತಲೆಬರಹವನ್ನು ನೋಡಿ ಅರ್ಥಮಾಡಿಕೊಳ್ಳುವನು. ಅಳತೆಯಿಲ್ಲದೆ ಅಂಕಿಯನ್ನು ಮಾತ್ರ ಪಡೆದ ಯಂತ್ರವಾದರೋ, ಆಕೆಯ ರಕ್ತದಲ್ಲಿ ಸಕ್ಕರೆಯೇ ಇಲ್ಲ, ಪ್ರಾಣಾಪಾಯವೆಂದು ಕೂಗಬಹುದು. ಅಥವಾ ಅದನ್ನು ಮೂರು ತಿಂಗಳ ಸಕ್ಕರೆಯ ಸರಾಸರಿಯೆಂದು ಎಣಿಸಿ, ನೂರಕ್ಕೆ 7 ಎಂದು ಲೆಕ್ಕಹಾಕಬಹುದು. ಅಂಕಿ ಒಂದು, ಅರ್ಥ ಮೂರು. ಯಂತ್ರವು ಎಷ್ಟು ಚುರುಕಾಗಿದ್ದರೆ ಅದರ ತಪ್ಪು ಅಷ್ಟು ವೇಗವಾಗಿ ಹರಡುವುದು.

ಸಮಾನ ಭಾಷೆಯ ರಚನೆ

ಈ ಗೊಂದಲವನ್ನು ನೀಗಲು ಪಂಡಿತರು ಬಹುಕಾಲದಿಂದ ಶ್ರಮಿಸಿದ್ದಾರೆ. ಮರಣದ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ಹೆಸರಿನಿಂದ ಕರೆಯಲೆಂದು ಫ್ರಾನ್ಸಿನ ಜಾಕ್‌ ಬರ್ಟಿಲಾನ್‌ ಎಂಬವನು 1893ರಲ್ಲಿ ಒಂದು ಪಟ್ಟಿಯನ್ನು ಮುಂದಿಟ್ಟನು. 1948ರಿಂದ ಅದರ ಪಾಲನೆಯು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿತು. ಅದರ 11ನೆಯ ಪರಿಷ್ಕರಣವು 2022ರ ಜನವರಿ 1ರಿಂದ ಜಾರಿಗೆ ಬಂದಿತು. ಪ್ರಯೋಗಶಾಲೆಯ ಪರೀಕ್ಷೆಗಳಿಗೆ ‘ಲೋಯಿಂಕ್‌’ ಎಂಬ ಸಂಕೇತಗಳ ಕೋಶವನ್ನು ರೀಗನ್‌ಸ್ಟ್ರೀಫ್‌ ಸಂಸ್ಥೆಯೇ 1994ರಲ್ಲಿ ಆರಂಭಿಸಿತು. ಇದರಲ್ಲಿ ಮಿಲಿಗ್ರಾಮಿನಂತೆ ತೂಕದಿಂದ ಅಳೆದ ಸಕ್ಕರೆಗೆ 2345-7 ಎಂಬ ಸಂಕೇತ. ಮೋಲ್‌ ಲೆಕ್ಕದಿಂದ ಅಳೆದುದಕ್ಕೆ 14749-6. ಮೇಲೆ ಹೇಳಿದ ತಾಯಿಯ ಚೀಟಿಯಲ್ಲಿ ಈ ಸಂಕೇತವೊಂದಿದ್ದರೆ ಯಂತ್ರಕ್ಕೆ ಭ್ರಾಂತಿಯೇ ಆಗದು. ರೋಗಲಕ್ಷಣ, ಅಂಗ, ಚಿಕಿತ್ಸೆ ಮೊದಲಾದುವುಗಳಿಗೆ ‘ಸ್ನೋಮೆಡ್‌’ ಎಂಬ ಬೃಹತ್ಕೋಶವುಂಟು.

ಇವೆಲ್ಲ ಶಬ್ದಗಳು. ಶಬ್ದಗಳಿಂದಲೇ ವಾಕ್ಯವಾಗದು, ವ್ಯಾಕರಣವೂ ಬೇಕು. ಅದಕ್ಕಾಗಿ 1987ರಲ್ಲಿ ‘ಎಚ್‌.ಎಲ್‌. 7’ ಎಂಬ ಸಂಘವು ಅಮೆರಿಕಾದಲ್ಲಿ ಹುಟ್ಟಿತು. ಅದರ ಮೊದಮೊದಲಿನ ನಿಯಮಗಳು ಸಡಿಲವಾಗಿದ್ದುವು, ಅನಂತರದವು ಜಟಿಲವಾದುವು. 2011ರಲ್ಲಿ ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್‌ ಎಂಬವನು ಸುಲಭವಾದ ಹೊಸ ಕ್ರಮವೊಂದನ್ನು ಸೂಚಿಸಿದನು. ಅದಕ್ಕೆ ‘ಎಫ್‌.ಎಚ್‌.ಐ.ಆರ್‌.’ ಎಂದು ಹೆಸರು. ಬಾಯಲ್ಲಿ ‘ಫೈರ್‌’ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಅಚ್ಚುಮಾಡಿದ ನಮೂನೆಗಳಿರುವಂತೆ ಇದರಲ್ಲಿಯೂ ರೋಗಿಗೆ ಒಂದು ನಮೂನೆ, ಪರೀಕ್ಷೆಯ ಫಲಕ್ಕೆ ಒಂದು, ಔಷಧದ ಚೀಟಿಗೆ ಒಂದು, ಮೈಗೆ ಒಗ್ಗದ ವಸ್ತುಗಳಿಗೆ ಒಂದು. ಪ್ರತಿಯೊಂದು ಅಂಕಣದಲ್ಲಿ ಏನು ಬರೆಯಬೇಕೆಂಬುದು ಗೊತ್ತುಮಾಡಲ್ಪಟ್ಟಿದೆ. ‘ಪೆನಿಸಿಲಿನ್‌ ಒಗ್ಗದು’ ಎಂಬುದು ಯಾವುದೋ ಪುಟದ ಮೂಲೆಯಲ್ಲಿ ಗೀಚಿಹೋದರೆ ಮುಂದಿನ ವೈದ್ಯನ ಕಣ್ಣಿಗೆ ಬೀಳದಿರಬಹುದು. ತನ್ನ ಅಂಕಣದಲ್ಲಿ ಸಂಕೇತಸಹಿತವಾಗಿ ಕುಳಿತರೆ, ಬೇರೊಂದು ಊರಿನ ವೈದ್ಯನು ಆ ಔಷಧವನ್ನು ಬರೆಯುವ ಕ್ಷಣದಲ್ಲಿಯೇ ಯಂತ್ರವು ತಡೆದು ಎಚ್ಚರಿಸಬಲ್ಲದು. ಒಂದು ಜೀವವು ಉಳಿಯುವುದೂ ಅಳಿಯುವುದೂ ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ನಿಂತಿರುವುದುಂಟು.

ಯಂತ್ರಬುದ್ಧಿಯ ಶಕ್ತಿಯೂ ಮಿತಿಯೂ

ಭಾಷೆ ಒಂದಾದ ಮೇಲೆ ಯಂತ್ರಬುದ್ಧಿಯು ನಿಸ್ಸಂಶಯವಾಗಿ ಹಿತವನ್ನೇ ಮಾಡುವುದೆಂದು ಭಾವಿಸಲಾಗದು. ಸೆಪ್ಸಿಸ್‌ ಎಂಬ ಒಂದು ಘೋರಸ್ಥಿತಿಯುಂಟು. ಸೋಂಕಿಗೆ ಪ್ರತಿಯಾಗಿ ದೇಹವು ಕೆರಳಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು. ಇದನ್ನು ಮುಂಚಿತವಾಗಿ ಕಂಡುಹಿಡಿಯುವುದೆಂದು ಅಮೆರಿಕಾದ ನೂರಾರು ಆಸ್ಪತ್ರೆಗಳು ದಾಖಲೆಯೊಳಗೆ ಅಳವಡಿಸಿಕೊಂಡಿದ್ದ ಒಂದು ಯಂತ್ರಸಾಧನವನ್ನು ಮಿಷಿಗನ್‌ ವಿಶ್ವವಿದ್ಯಾನಿಲಯದವರು ಪರಿಶೀಲಿಸಿ 2021ರಲ್ಲಿ ಫಲವನ್ನು ಪ್ರಕಟಿಸಿದರು. ಸೆಪ್ಸಿಸ್‌ ಆದ 2,552 ರೋಗಿಗಳಲ್ಲಿ 1,709 ಮಂದಿಯನ್ನು ಅದು ಗುರುತಿಸಲಿಲ್ಲ; ಆದರೂ ಒಟ್ಟು ಒಳರೋಗಿಗಳಲ್ಲಿ ನೂರಕ್ಕೆ 18 ಮಂದಿಯ ವಿಷಯದಲ್ಲಿ ಗಂಟೆ ಬಾರಿಸಿತು. ಸುಳ್ಳು ಗಂಟೆಯನ್ನು ಪದೇ ಪದೇ ಕೇಳಿದ ದಾದಿಯು ನಿಜವಾದ ಗಂಟೆಗೂ ಕಿವಿಗೊಡದೆ ಹೋದರೆ ಆಶ್ಚರ್ಯವೇನು? ಒಂದು ಕಡೆ ಕಲಿತ ಯಂತ್ರವನ್ನು ಇನ್ನೊಂದು ಕಡೆಗೆ ತಂದಾಗ, ಅಲ್ಲಿಯ ರೋಗಿಗಳ ಮೇಲೆ ಹೊಸದಾಗಿ ಪರೀಕ್ಷಿಸಿಯೇ ನಂಬತಕ್ಕದ್ದು.

ಪ್ರಶ್ನೆಯೇ ತಪ್ಪಾಗಿದ್ದರೆ ಭಾಷೆಯ ಶುದ್ಧಿಯೂ ಸಹಾಯಕ್ಕೆ ಬಾರದು. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸುತ್ತಿದ್ದ ಮತ್ತೊಂದು ಅಮೆರಿಕನ್‌ ಯಂತ್ರವು ರೋಗದ ತೀವ್ರತೆಗೆ ಬದಲಾಗಿ ಚಿಕಿತ್ಸೆಗಾದ ವೆಚ್ಚವನ್ನು ಅಳತೆಯಾಗಿಟ್ಟುಕೊಂಡಿತ್ತು. ಕರಿಯ ಜನರಿಗಾಗಿ ವೆಚ್ಚವಾಗುತ್ತಿದ್ದುದೇ ಕಡಮೆ. ಆದುದರಿಂದ ಹೆಚ್ಚು ರೋಗಗ್ರಸ್ತರಾಗಿದ್ದ ಅವರು ಹಿಂದೆ ಬಿದ್ದರು. ಇದು 2019ರಲ್ಲಿ ಬಯಲಾಯಿತು. ಬಡವರು ಆಸ್ಪತ್ರೆಗೆ ಹೋಗಲು ಹಿಂಜರಿಯುವ ನಮ್ಮ ದೇಶವು ಈ ಪಾಠವನ್ನು ಮರೆಯಕೂಡದು.

ಇನ್ನು, ವೈದ್ಯನೂ ರೋಗಿಯೂ ಆಡುವ ಮಾತನ್ನು ಆಲಿಸಿ ತಾನೇ ದಾಖಲೆಯನ್ನು ಬರೆಯುವ ಯಂತ್ರಗಳು ಬಂದಿವೆ. ಬರೆಯುವ ಹೊರೆ ಇಳಿದರೆ ವೈದ್ಯನು ರೋಗಿಯ ಮುಖವನ್ನು ನೋಡಿ ಮಾತನಾಡಬಹುದೆಂಬುದು ನಿಜವಾದ ಲಾಭವೇ. ಆದರೆ ಮಾತನ್ನು ಬರಹಕ್ಕಿಳಿಸುವ ಹೆಸರಾದ ಯಂತ್ರವೊಂದು ನೂರರಲ್ಲಿ ಸುಮಾರು ಒಂದು ಸಲ ಯಾರೂ ಆಡದ ಮಾತುಗಳನ್ನು ತಾನಾಗಿ ಸೇರಿಸಿತೆಂದು 2024ರ ಒಂದು ಪರಿಶೀಲನೆಯು ತೋರಿಸಿತು. ನಮ್ಮ ನುಡಿಯಲ್ಲಿ ಇನ್ನೊಂದು ತೊಡಕುಂಟು. “ಎದೆಯಲ್ಲಿ ವಾಯು ಹಿಡಿದಿದೆ”, “ಸಂಕಟವಾಗುತ್ತದೆ”, “ಮೈ ಉಷ್ಣವಾಗಿದೆ” ಎಂದು ನಮ್ಮ ಹಿರಿಯರು ಹೇಳುವರು. ಅಜೀರ್ಣಕ್ಕೂ ಹೃದಯಾಘಾತಕ್ಕೂ ವಾಯುವೆಂಬ ಒಂದೇ ಮಾತು ಬರುವುದುಂಟು. ಯಂತ್ರವು ಅದಕ್ಕೆ ಅಜೀರ್ಣವೆಂಬ ಸಂಕೇತವನ್ನು ಅಂಟಿಸಿ ಮುಂದೆ ಕಳುಹಿಸಿದರೆ, ತಪ್ಪು ಅಭಿಪ್ರಾಯವು ಅಚ್ಚುಕಟ್ಟಾದ ವೇಷವನ್ನು ಧರಿಸಿ ಎಲ್ಲ ಆಸ್ಪತ್ರೆಗಳಿಗೂ ಹೋಗುವುದು. ಆದುದರಿಂದ ಯಂತ್ರವು ಬರೆದುದು ಕರಡು ಮಾತ್ರ. ವೈದ್ಯನು ಓದಿ ಒಪ್ಪಿದ ಮೇಲೆಯೇ ಅದು ದಾಖಲೆ.

ನಮ್ಮ ದೇಶದ ಏರ್ಪಾಡು

ನಮ್ಮ ಸರ್ಕಾರವು ಆರೋಗ್ಯ ದಾಖಲೆಗಳ ಮಾನದಂಡಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. ಆಯುಷ್ಮಾನ್‌ ಭಾರತ್‌ ಡಿಜಿಟಲ್‌ ಮಿಷನ್ನು 2021ರ ಸೆಪ್ಟೆಂಬರ್‌ 27ರಂದು ದೇಶಕ್ಕೆಲ್ಲ ವಿಸ್ತರಿಸಲ್ಪಟ್ಟಿತು. ಇದರಲ್ಲಿ ಇಚ್ಛೆಯುಳ್ಳವರಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ ದೊರೆಯುವುದು. ದಾಖಲೆಗಳು ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುವುವು. ರೋಗಿಯು ಸಮ್ಮತಿಸಿದಾಗ ಮಾತ್ರ, ಸಮ್ಮತಿಸಿದ ಉದ್ದೇಶಕ್ಕಾಗಿ, ಸಮ್ಮತಿಸಿದ ಅವಧಿಯವರೆಗೆ, ಫೈರ್‌ ನಮೂನೆಯಲ್ಲಿ ಇನ್ನೊಂದೆಡೆಗೆ ಹೋಗುವುವು. ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳಲೂ ಅವಕಾಶವಿದೆ. ಆದರೆ ಈ ಏರ್ಪಾಡಿನಲ್ಲಿ ಹಳೆಯ ಕಾಗದದ ಚಿತ್ರವನ್ನು ತೆಗೆದು ಹಾಗೆಯೇ ಕಳುಹಿಸಲೂ ಎಡೆಯಿದೆ. ಆಗ ಲಕೋಟೆ ಹೊಸದು, ಒಳಗಿನ ಪತ್ರ ಹಳೆಯದು. ಅದು ಮನುಷ್ಯನಿಗೆ ಉಪಯುಕ್ತವಾದೀತು, ಯಂತ್ರಕ್ಕೆ ಅಲ್ಲ. ಪ್ರಯೋಗಶಾಲೆಗಳೂ ಸಣ್ಣ ದವಾಖಾನೆಗಳೂ ಸಂಕೇತಸಹಿತವಾಗಿ ಬರೆಯಲು ಕಲಿತಂತೆಲ್ಲ ಈ ಏರ್ಪಾಡಿನ ಫಲವು ಹೆಚ್ಚುವುದು.

ಗೃಹಸ್ಥರು ಮಾಡತಕ್ಕದ್ದು

ಈ ದೊಡ್ಡ ಕಾರ್ಯದಲ್ಲಿ ಮನೆಯವರ ಪಾಲೂ ಉಂಟು. ಪರೀಕ್ಷೆಯ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಿರಿ. ಫೋನಿನಲ್ಲಿ ಅಂಕಿಯನ್ನು ಬರೆದುಕೊಳ್ಳುವಾಗ ಅಳತೆಯನ್ನೂ ಬರೆದುಕೊಳ್ಳಿರಿ. ಹೆಸರು ಎಲ್ಲ ಕಡೆಯೂ ಒಂದೇ ರೀತಿಯಲ್ಲಿರಲಿ, ಒಂದೆಡೆ “ಕೆ. ಲಕ್ಷ್ಮಮ್ಮ”, ಇನ್ನೊಂದೆಡೆ “ಲಕ್ಷ್ಮಮ್ಮ ಕೃಷ್ಣಪ್ಪ” ಎಂದಿದ್ದರೆ ಯಂತ್ರವು ಒಬ್ಬರನ್ನು ಇಬ್ಬರೆಂದು ಎಣಿಸೀತು. ಮೈಗೆ ಒಗ್ಗದ ಔಷಧವಿದ್ದರೆ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ತಪ್ಪದೆ ಹೇಳಿ, ಬರೆದರೇ ಎಂದು ನೋಡಿರಿ. ಸಮ್ಮತಿಯನ್ನು ಕೇಳಿದಾಗ ಯಾರಿಗೆ, ಏತಕ್ಕೆ, ಎಷ್ಟು ದಿನ ಎಂಬ ಮೂರನ್ನೂ ಓದಿದ ಮೇಲೆಯೇ ಬೆರಳೊತ್ತಿರಿ. ಬಿಡುಗಡೆಯ ಚೀಟಿಯನ್ನು ಆಸ್ಪತ್ರೆಯಲ್ಲಿಯೇ ಒಮ್ಮೆ ಓದಿ, ನೀವು ಹೇಳದ ಮಾತು ಅದರಲ್ಲಿದ್ದರೆ ವಿನಯದಿಂದ ಕೇಳಿ ತಿದ್ದಿಸಿರಿ. “ಇದನ್ನು ಯಂತ್ರವು ಬರೆಯಿತೇ? ತಾವು ನೋಡಿದ್ದೀರಾ?” ಎಂದು ವೈದ್ಯರನ್ನು ಕೇಳುವುದು ಅವಿನಯವಲ್ಲ, ವಿವೇಕಿಯಾದ ವೈದ್ಯನು ಅದನ್ನು ಮೆಚ್ಚುವನು.

ಯಂತ್ರಕ್ಕೆ ಜ್ಞಾಪಕಶಕ್ತಿಯುಂಟು, ದಣಿವಿಲ್ಲ. ಸಾವಿರ ಪುಟಗಳನ್ನು ಕ್ಷಣದಲ್ಲಿ ತಿರುವಿಹಾಕಬಲ್ಲದು. ಆ ಪುಟಗಳಲ್ಲಿ ಸತ್ಯವನ್ನೂ ಸ್ಪಷ್ಟತೆಯನ್ನೂ ತುಂಬತಕ್ಕವರು ಮನುಷ್ಯರು. ಕೊನೆಗೆ ರೋಗಿಯ ಕೈ ಹಿಡಿದು ನಿರ್ಣಯವನ್ನು ಹೇಳಿ ಅದಕ್ಕೆ ಹೊಣೆಯಾಗತಕ್ಕವರೂ ಅವರೇ. ಈ ಎರಡು ಕರ್ತವ್ಯಗಳನ್ನು ನಾವು ಬಿಡದಿದ್ದರೆ ನಡುವಿನ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಲು ಅಂಜಬೇಕಾದುದಿಲ್ಲ.