ನಿಧಾನವೇ ಪ್ರಧಾನ

ಮೋಟಾರ್ ಸೈಕಲ್ಲೆಂದೊಡನೆ ವೇಗ ನೆನಪಾಗುವುದು ಸಹಜ. ‘ಟ್ರಯಲ್ಸ್’ ಎಂಬ ಕ್ರೀಡೆಯಲ್ಲಾದರೋ ಸಮತೋಲವೇ ಸರ್ವಸ್ವ. ಬಂಡೆ ಕೊರಕಲುಗಳ ನಡುವೆ ಒಮ್ಮೆ ಕಾಲೂರಿದರೆ 1 ದಂಡಾಂಕ, ಬಿದ್ದರೆ 5.

ಮೈಸೂರಿನಲ್ಲಿ 1961ರಿಂದ ಜಾವಾ, ಬಳಿಕ 1996ರವರೆಗೆ ಯೆಜ್ಡಿ ತಯಾರಾದವು. ಅವನ್ನು ಈ ಹವ್ಯಾಸಕ್ಕೆ ಹದಗೊಳಿಸಬಹುದು. ಹಿಂದಿನ ಹಲ್ಲುಚಕ್ರ ದೊಡ್ಡದಾದರೆ ವೇಗ ತಗ್ಗಿ ಎಳೆತ ಹೆಚ್ಚುತ್ತದೆ. ಗಾಳಿ ತುಸು ಇಳಿಸಿದರೆ ಟಯರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಅತಿಯಾಗಿ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತೀತು. ನಿಧಾನದ ಓಟದಿಂದ ಸೈಲೆನ್ಸರಿನಲ್ಲಿ ಕಟ್ಟುವ ಮಸಿಯನ್ನು ಆಗಾಗ ಕೆರೆದು ತೆಗೆಯಬೇಕು.

ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಗಳ ಆಯುಷ್ಯ ಒಡೆಯನ ಕೈಯಲ್ಲಿದೆ. ಆದ್ದರಿಂದ ಆವರಗೆರೆಯ ನಮ್ಮ ತರುಣರಿಗೆ ನಾನು ಹೇಳುವುದಿಷ್ಟು: ಬಿಚ್ಚಿ ಮರಳಿ ಜೋಡಿಸಬಹುದಾದುದನ್ನಷ್ಟೇ ಬದಲಿಸಿ. ಕತ್ತರಿಸಿದ ಚೌಕಟ್ಟು ಮತ್ತೆ ಮೊದಲಿನಂತಾಗದು.